50 ರೂಪಾಯಿ ಟಿಕೆಟ್, ಹನ್ನೊಂದನೇ ನಂಬರಿನ ಹುಡುಗಿ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಡಿಮೆಯಾದ ಆ ಒಂದು ಸ್ಟಾರ್ ಆಡಿದ ಮಕ್ಕಳದಲ್ಲ, ಆಡಿಸಿದ ದೊಡ್ಡವರದು. ಅದರ ಲೆಕ್ಕ ಆಮೇಲೆ ಕೊಡುತ್ತೇನೆ.

ನಾನು ಹೇಳುತ್ತಿರುವುದು ಧಾರವಾಡದಲ್ಲಿ ನವೆಂಬರ್ ಕೊನೆಯ ಶನಿವಾರ, ಭಾನುವಾರ ನಡೆದ ಹೈಸ್ಕೂಲ್ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಬಗ್ಗೆ. ಎಂಟು ತಂಡ, ಸೋತವರು ಊರಿಗೆ. ಶನಿವಾರ ನಾಲ್ಕು ಪಂದ್ಯ, ಭಾನುವಾರ ಬೆಳಿಗ್ಗೆ ಎರಡು ಸೆಮಿಫೈನಲ್, ಸಂಜೆ ನಾಲ್ಕಕ್ಕೆ ಫೈನಲ್. ಟಿಕೆಟ್ ದಿನಕ್ಕೆ 50 ರೂಪಾಯಿ, ಹದಿನಾಲ್ಕರ ಒಳಗಿನ ಮಕ್ಕಳಿಗೆ ಫ್ರೀ. ನಡೆಸಿದವರ ಹೆಸರು ಬರೆಯುವುದಿಲ್ಲ, ಅವರು ಮುಂದಿನ ವರ್ಷವೂ ನಡೆಸಬೇಕು ಅನ್ನುವುದು ನನ್ನಾಸೆ. ಹುಡುಗಿಯ ಹೆಸರನ್ನೂ ಬರೆಯುವುದಿಲ್ಲ. ಹತ್ತನೇ ಕ್ಲಾಸಿನ ಮಗು, ಮುಂದೆ ಪರೀಕ್ಷೆ ಇದೆ, ಅವಳ ಪಾಡಿಗೆ ಅವಳು ಇರಲಿ.

ನಾನು ಹೋಗಿದ್ದೇ ಅವಳೊಬ್ಬಳನ್ನು ನೋಡೋಣ ಅಂತ. ಗದಗದಲ್ಲಿರುವ ನನ್ನ ಅಕ್ಕನ ಮಗ ದೀಪಾವಳಿ ಟೈಮಿನಲ್ಲಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದ. 38 ಸೆಕೆಂಡಿನದು. ಬಿಳಿ ಜೆರ್ಸಿ, ಬೆನ್ನ ಮೇಲೆ 11. ನಾಲ್ಕು ಸಲ ಚೆಂಡು ಹಿಡಿಯುತ್ತಾಳೆ, ನಾಲ್ಕು ಸಲವೂ ಒಂದು ಹೆಜ್ಜೆ ಹಿಂದೆ ಸರಿದು ಮೂರು ಪಾಯಿಂಟಿನ ಗೆರೆಯ ಆಚೆಯಿಂದ ಎಸೆಯುತ್ತಾಳೆ, ನಾಲ್ಕೂ ಒಳಗೆ. ಹಿಂದೆ ಯಾವುದೋ ಹಾಡು. ಕೆಳಗೆ ‘ಮೌಶಿ, ಈಕಿನ್ನ ನೋಡ್ರಿ. ಸ್ಪೋರ್ಟ್ಸ್ ಹಾಸ್ಟೆಲ್‌ನವರು, ಕಾಲೇಜಿನವರು ಎಲ್ಲಾರೂ ಬೆನ್ನು ಹತ್ಯಾರ’ ಅಂತ ಬರೆದಿದ್ದ.

ನಾನು ತೊಂಬತ್ತರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ತಂಡದಲ್ಲಿ ಎರಡು ವರ್ಷ ಆಡಿದವಳು. ಈಗ ಹುಬ್ಬಳ್ಳಿ ವಿದ್ಯಾನಗರದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಇಂಥ ವಿಡಿಯೋ ನೋಡಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ: ಒಳಗೆ ಬೀಳದ ಚೆಂಡುಗಳು ಎಲ್ಲಿ ಹೋದವು? ನಾಲ್ಕು ಬೀಳಬೇಕಾದರೆ ಎಷ್ಟು ಎಸೆದಳು? ಎಸೆಯದೇ ಇದ್ದಾಗ ಏನು ಮಾಡುತ್ತಿದ್ದಳು? ಎದುರಾಳಿ ಚೆಂಡು ಹಿಡಿದಾಗ ಎಲ್ಲಿ ನಿಂತಿದ್ದಳು? ಇದಕ್ಕೆ ಉತ್ತರ ಬೇಕಿದ್ದರೆ ಹೋಗಿಯೇ ನೋಡಬೇಕು. ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಭಾನುವಾರ ಬೆಳಿಗ್ಗೆ ಹೊರಟೆ.

ಹುಬ್ಬಳ್ಳಿಯಿಂದ ಹೋಗುವವರು ಚಿಗರಿ ಬಸ್ಸು ಹತ್ತಿ ಜುಬಿಲಿ ಸರ್ಕಲ್‌ನಲ್ಲಿ ಇಳಿದರೆ ಸಾಕು. ಅಲ್ಲಿಂದ ಆಟೋದವರು 50 ರೂಪಾಯಿ ಕೇಳುತ್ತಾರೆ, ನಡೆದರೆ ಇಪ್ಪತ್ತು ನಿಮಿಷ. ಆ ಚಳಿಯಲ್ಲಿ ನಡೆಯುವುದೇ ಚೆನ್ನಾಗಿತ್ತು. ಪಂದ್ಯ ಹತ್ತಕ್ಕೆ, ನಾವು ಒಂಬತ್ತೂ ಕಾಲಿಗೇ ಅಲ್ಲಿದ್ದೆವು. ನೀವೂ ಬೇಗ ಹೋಗಿ. ಆಟಗಾರ್ತಿ ಎಂಥವಳು ಅನ್ನುವುದು ಅರ್ಧ ವಾರ್ಮ್ ಅಪ್‌ನಲ್ಲೇ ಗೊತ್ತಾಗುತ್ತದೆ.

ಉಳಿದ ಹುಡುಗಿಯರು ದೂರದೂರದಿಂದ ಸುಮ್ನೆ ಎಸೆಯುತ್ತ ನಗುತ್ತಿದ್ದರು. ಮಕ್ಕಳು, ನಗಲಿ. ಇವಳು ಮಾತ್ರ ರಿಂಗಿನ ಎಡಗಡೆ ನಿಂತು ಎಡಗೈಯಲ್ಲಿ ಲೇ-ಅಪ್ (ಹತ್ತಿರದಿಂದ ಮೆಲ್ಲಗೆ ಬುಟ್ಟಿಗೆ ಬಿಡುವ ಎಸೆತ) ಹಾಕುತ್ತಿದ್ದಳು. ಬಲಗೈಯವಳು ಅವಳು, ನೀರಿನ ಬಾಟಲಿ ಎತ್ತಿದ್ದು ಬಲಗೈಯಲ್ಲೇ. ನಾನು ಎಣಿಸಿದೆ, ಇಪ್ಪತ್ತೆರಡು ಸಲ ಎಡಗೈ. ಅದರಲ್ಲಿ ಆರೇಳು ತಪ್ಪಿದವು. ತಪ್ಪಿದಾಗ ಮುಖ ಬದಲಾಗಲಿಲ್ಲ, ಚೆಂಡು ಎತ್ತಿಕೊಂಡು ಮತ್ತೆ ಅದೇ ಜಾಗಕ್ಕೆ ಬಂದು ನಿಂತಳು. ಯಾರೋ ಒಬ್ಬ ಪಿ.ಟಿ. ಸರ್ ಹಳ್ಳಿ ಶಾಲೆಯ ಸಿಮೆಂಟ್ ಕೋರ್ಟಿನಲ್ಲಿ ವರ್ಷಗಟ್ಟಲೆ ಈ ಮಗುವಿನ ಎಡಗೈಯನ್ನು ತಿದ್ದಿದ್ದಾರೆ. ಅದು ಒಂದು ತಿಂಗಳಿನಲ್ಲಿ ಬರುವಂಥದ್ದಲ್ಲ.

ಆಮೇಲೆ ಅವಳ ಶೂ. ಹಳೆಯದು, ಎಡಗಾಲಿನ ಅಡಿ ಸವೆದು ನುಣ್ಣಗಾಗಿದೆ. ಅದು ನನಗೆ ಕಂಡಿದ್ದು ಹೇಗೆ ಅಂದರೆ, ಬೆಂಚಿನ ತುದಿಯಲ್ಲಿ ಅವಳು ಒಂದು ಗೋಣಿಚೀಲದ ತುಂಡನ್ನು ನೀರಲ್ಲಿ ಅದ್ದಿ ಹಾಸಿದ್ದಳು. ಧಾರವಾಡದ ಕೆಂಪು ಧೂಳು ಗೊತ್ತಲ್ಲ, ಬಯಲು ಕೋರ್ಟು ಎಷ್ಟು ಗುಡಿಸಿದರೂ ಹತ್ತು ನಿಮಿಷಕ್ಕೆ ಮತ್ತೆ ಬಂದು ಕೂರುತ್ತದೆ, ಸವೆದ ಶೂಗೆ ಹಿಡಿತವೇ ಸಿಗುವುದಿಲ್ಲ. ಆಟ ನಿಂತಾಗಲೆಲ್ಲ ಬಂದು ಗೋಣಿಯ ಮೇಲೆ ಎರಡೂ ಕಾಲು ಒರೆಸಿ ಹೋಗುತ್ತಿದ್ದಳು. ಎರಡನೇ ಕ್ವಾರ್ಟರ್ ಹೊತ್ತಿಗೆ ಅವಳ ತಂಡದ ಎಲ್ಲರೂ ಅಲ್ಲೇ ಒರೆಸುತ್ತಿದ್ದರು. ಮೂರನೇ ಕ್ವಾರ್ಟರ್‌ನಲ್ಲಿ ಎದುರು ತಂಡದ ಒಬ್ಬಳು ಹತ್ತಿರ ಬಂದು ಅನುಮಾನ ಮಾಡುತ್ತ ನಿಂತಾಗ, ಇವಳು ಕಾಲಿನಿಂದ ಗೋಣಿಯನ್ನು ಅವಳ ಕಡೆ ಸರಿಸಿದಳು. ಏನೂ ಮಾತಾಡಲಿಲ್ಲ. ಸ್ವಲ್ಪ ಹಿಂದೆಯೇ ಇಬ್ಬರೂ ಒಬ್ಬರಿಗೊಬ್ಬರು ಮೊಣಕೈ ಕೊಟ್ಟುಕೊಂಡಿದ್ದರು.

ಕೂರುವುದು ಎಲ್ಲಿ ಅಂತ ಕೇಳಿದರೆ, ಬೆಂಚಿನ ಹಿಂದಿನ ಮೂರನೇ ಮೆಟ್ಟಿಲು. ಎಲ್ಲರೂ ನಡುಗೆರೆಗೆ ನೇರವಾಗಿ ಕೂರಲು ನುಗ್ಗುತ್ತಾರೆ, ಆಟ ಚೆನ್ನಾಗಿ ಕಾಣುವುದೇನೋ ನಿಜ, ಆದರೆ ಬೆಂಚಿನ ಹಿಂದೆ ಕೂತರೆ ಮಾತು ಕೇಳುತ್ತದೆ. ಮಾತು ಕೇಳದೆ ಬಾಸ್ಕೆಟ್‌ಬಾಲ್ ಅರ್ಧ ಮಾತ್ರ ಅರ್ಥವಾಗುತ್ತದೆ.

ಸೆಮಿಫೈನಲ್ ಬೆಳಗಾವಿ ಕಡೆಯ ಒಂದು ತಂಡದ ಜೊತೆ. ಅವರಲ್ಲಿ ಇಬ್ಬರು ಒಳ್ಳೆ ಎತ್ತರದ ಹುಡುಗಿಯರು. ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜೋನ್ ಕಟ್ಟಿದರು, ಅಂದರೆ ಒಬ್ಬೊಬ್ಬರನ್ನು ಬೆನ್ನು ಹತ್ತದೆ ಒಬ್ಬೊಬ್ಬರು ಒಂದೊಂದು ಜಾಗ ಕಾಯುವುದು. ಶಾಲಾ ಮಟ್ಟದಲ್ಲಿ ಈ ಜೋನ್ ಬಂದರೆ ಸಾಕು, ಮಕ್ಕಳು ಹೊರಗೇ ಚೆಂಡು ದಾಟಿಸಿ ದಾಟಿಸಿ ಸುಸ್ತಾಗಿ ಕೊನೆಗೆ ದೂರದಿಂದ ಎಸೆಯುತ್ತಾರೆ. ನಾನು ಮೊದಲ ಐದು ನಿಮಿಷ ಚೆಂಡನ್ನು ನೋಡಲೇ ಇಲ್ಲ, 11ನೇ ನಂಬರನ್ನು ಮಾತ್ರ ನೋಡಿದೆ. ಮಗಳಿಗೂ ಹಾಗೇ ನೋಡು ಅಂದೆ. ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ, ಹಿಡಿದು ನಿಲ್ಲಿಸಬೇಕು.

ಹಾಗೆ ನೋಡಿದಾಗ ಕಂಡಿದ್ದು ಇದು. ಚೆಂಡು ತನ್ನ ಕಡೆ ಬರುವ ಮೊದಲು ಆ ಹುಡುಗಿ ಎರಡು ಸಲ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾಳೆ. ಒಂದು ಸಲ ಎಡ, ಒಂದು ಸಲ ಬಲ. ಮೊದಲ ನೋಟ ತನ್ನನ್ನು ಕಾಯುತ್ತಿರುವವಳು ಎಲ್ಲಿದ್ದಾಳೆ ಅಂತ, ಎರಡನೆಯದು ಬೇಸ್‌ಲೈನ್ ಹತ್ತಿರ ತನ್ನವರು ಯಾರಿದ್ದಾರೆ ಅಂತ. ಚೆಂಡು ಕೈಗೆ ಬಂದಾಗ ಏನು ಮಾಡಬೇಕು ಅನ್ನುವುದು ಆಗಲೇ ತೀರ್ಮಾನವಾಗಿರುತ್ತದೆ. ಫ್ರೀ ಥ್ರೋ ಗೆರೆಯ ಹತ್ತಿರ, ಆ ಜೋನಿನ ಹೊಟ್ಟೆಯಲ್ಲೇ ಹೋಗಿ ನಿಂತು ಚೆಂಡು ಹಿಡಿಯುವುದು, ತಿರುಗುವುದು, ನಡುವಿನವಳು ಮುಂದೆ ಬಂದ ತಕ್ಷಣ ಅವಳ ಹಿಂದೆ ಖಾಲಿಯಾದ ಜಾಗಕ್ಕೆ ಕೆಳಗಿನಿಂದ ಪಾಸ್ ಕೊಡುವುದು. ಮೊದಲ ಕ್ವಾರ್ಟರ್‌ನಲ್ಲೇ ನಾಲ್ಕು ಸಲ ಮಾಡಿದಳು. ಎರಡು ಬುಟ್ಟಿ ಆದವು, ಎರಡು ಹಿಡಿದವಳ ಕೈಯಿಂದ ಜಾರಿದವು. ಜಾರಿದ ಮೇಲೂ ಪಾಸ್ ನಿಲ್ಲಿಸಲಿಲ್ಲ.

ಈ ಎರಡು ನೋಟ ಯಾವ ವಿಡಿಯೋದಲ್ಲೂ ಇರುವುದಿಲ್ಲ. ವಿಡಿಯೋ ಶುರುವಾಗುವುದೇ ಚೆಂಡು ಕೈಗೆ ಬಂದ ಮೇಲೆ ಅಲ್ವಾ. ಅಕ್ಕನ ಮಗ ಕಳಿಸಿದ ಆ 38 ಸೆಕೆಂಡಿನಲ್ಲಿ ಇವಳು ಬರೀ ಎಸೆಯುವ ಹುಡುಗಿ. ಎದುರಿಗೆ ನೋಡಿದರೆ, ಎಸೆಯುವುದು ಅವಳ ಆಟದಲ್ಲಿ ಸಣ್ಣ ಭಾಗ. ನಿಜ ಹೇಳಬೇಕೆಂದರೆ ಅವತ್ತು ಮೂರು ಪಾಯಿಂಟಿನದು ಐದು ಎಸೆದಳು, ಒಂದು ಬಿತ್ತು. ಬಯಲು ಕೋರ್ಟು, ಪಡುವಣ ಗಾಳಿ ಬೇರೆ. ನಮ್ಮ ಹಿಂದೆ ಕಾಲೇಜು ಹುಡುಗರ ಒಂದು ಗುಂಪು ಆ ವಿಡಿಯೋ ನೋಡಿಯೇ ಬಂದಿತ್ತು, ಮೂರನೆಯದು ತಪ್ಪಿದ ಮೇಲೆ ಮೊಬೈಲ್ ಜೇಬಿಗೆ ಹೋಯಿತು. ಅವರು ಅರ್ಧಕ್ಕೇ ಎದ್ದು ಹೋದದ್ದು ನನಗೆ ಬೇಜಾರಾಯಿತು. ನೋಡಬೇಕಾದ್ದು ಇನ್ನೂ ಮುಂದಿತ್ತು.

ನಡುವೆ ಮಗಳು ಕೇಳಿದಳು, ನೀನು ಆಡುವಾಗಲೂ ಹೀಗೇ ಇತ್ತಾ ಅಂತ. ತುಂಬಾ ಬದಲಾಗಿದೆ. ನಾವು ಆಡುವಾಗ 20 ನಿಮಿಷದ ಎರಡು ಹಾಫ್, ಎಸೆಯಲು 30 ಸೆಕೆಂಡ್ ಟೈಮು. 2000ದಲ್ಲಿ ಅದು 10 ನಿಮಿಷದ ನಾಲ್ಕು ಕ್ವಾರ್ಟರ್, 24 ಸೆಕೆಂಡ್ ಆಯಿತು. ಮೂರು ಪಾಯಿಂಟಿನ ಗೆರೆ ಆಗ 6.25 ಮೀಟರ್ ದೂರದಲ್ಲಿತ್ತು, 2010ರಲ್ಲಿ 6.75ಕ್ಕೆ ಹೋಯಿತು. ಚೆಂಡೂ ಬೇರೆ. ನಾವು ಹುಡುಗರ ಏಳನೇ ಸೈಜಿನ ಚೆಂಡಿನಲ್ಲೇ ಆಡುತ್ತಿದ್ದೆವು, ಈಗ ಹುಡುಗಿಯರಿಗೆ ಆರನೇ ಸೈಜು. ರಿಂಗಿನ ಎತ್ತರ ಮಾತ್ರ ಅದೇ, 3.05 ಮೀಟರ್. ಇದನ್ನೆಲ್ಲ ಏಕೆ ಬರೆದೆ ಅಂದರೆ, ಪಕ್ಕದಲ್ಲಿ ಕೂತ ಹಿರಿಯರೊಬ್ಬರು ‘ನಮ್ಮ ಕಾಲದ ಹುಡುಗ್ಯಾರು ಇವರಕಿಂತ ಗಟ್ಟಿ ಇದ್ರು’ ಅನ್ನುತ್ತಿದ್ದರು. ನಾನು ಆ ಕಾಲದವಳೇ. ಅರ್ಧ ಮೀಟರ್ ಹಿಂದೆ ಸರಿದ ಗೆರೆ, ಆರು ಸೆಕೆಂಡ್ ಕಡಿಮೆಯಾದ ಟೈಮು, ಇದರೊಳಗೆ ಈ ಮಕ್ಕಳು ಆಡುವ ವೇಗ ನಮಗೆ ಇರಲಿಲ್ಲ.

ಮೂರನೇ ಕ್ವಾರ್ಟರ್‌ನಲ್ಲಿ ಕಷ್ಟ ಶುರುವಾಯಿತು. ಐದು ಫೌಲ್ ಆದರೆ ಆಟಗಾರ್ತಿ ಹೊರಗೆ. ಇವಳಿಗೆ ಹಾಫ್ ಟೈಮಿಗೇ ಮೂರಾಗಿತ್ತು. ಆರು ನಿಮಿಷ ಉಳಿದಿದ್ದಾಗ ದಾಟಿ ಹೋದವಳ ಹಿಂದಿನಿಂದ ಕೈ ಚಾಚಿದಳು, ನಾಲ್ಕನೆಯದು. ಅದು ಅವಳದೇ ತಪ್ಪು, ಸುಸ್ತಾದಾಗ ಕಾಲು ಓಡದೆ ಕೈ ಓಡುತ್ತದೆ. ಸರ್ ಕರೆದು ಕೂರಿಸಿದರು. ತಂಡ ಆರು ಪಾಯಿಂಟ್ ಮುಂದಿತ್ತು.

ಇಲ್ಲಿಂದ ನಾನು ಕೋರ್ಟ್ ನೋಡುವುದು ಬಿಟ್ಟು ಬೆಂಚು ನೋಡಿದೆ. ಒಂದು ನಿಮಿಷ ಟವೆಲ್ ಮುಖದ ಮೇಲೆ ಹಾಕಿಕೊಂಡು ಅಲ್ಲಾಡದೆ ಕೂತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ಇರಬಹುದು. ಆಮೇಲೆ ಟವೆಲ್ ತೆಗೆದು ಎದ್ದು ನಿಂತಳು, ಕೊನೆಯವರೆಗೂ ಕೂರಲಿಲ್ಲ. ‘ಎಡಕ್ಕ ಸ್ಕ್ರೀನ್ ಬಂತು!’, ‘ಹಿಂದ ಅದಾಳ, ಹಿಂದ ನೋಡು!’, ‘ಕೈ ಮ್ಯಾಲೆ!’ ಅಂತ ಒಂದೇ ಸಮನೆ ಕೂಗು. ಅವಳ ಬದಲು ಒಳಗೆ ಹೋಗಿದ್ದು ಒಂಬತ್ತನೇ ಕ್ಲಾಸಿನ ಸಣ್ಣ ಹುಡುಗಿ, ಹೆದರಿ ಹೋಗಿತ್ತು ಪಾಪ, ಎರಡು ಸಲ ಚೆಂಡು ಕಳೆದುಕೊಂಡಿತು. ಆಟ ನಿಂತಾಗ ಆ ಮಗು ಬೆಂಚಿನ ಹತ್ತಿರ ಬಂತು. ಇವಳು ಅದರ ಮಣಿಕಟ್ಟು ಹಿಡಿದು, ನೆಲದ ಮೇಲೆ ತನ್ನ ಶೂ ತುದಿಯಿಂದ ಒಂದು ಜಾಗ ತೋರಿಸಿ, ‘ಇಲ್ಲೇ ನಿಂದ್ರು. ಚೆಂಡು ನಿನ್ನ ಕಡೆ ತಾನ ಬರ್ತೈತಿ’ ಅಂದಳು. ಬೈಯಲಿಲ್ಲ. ಮುಂದಿನ ಸಲ ಚೆಂಡು ಅಲ್ಲಿಗೇ ಬಂತು, ಆ ಮಗು ಹಿಡಿಯಿತು.

ಆದರೂ ತಂಡ ಮೂರು ಪಾಯಿಂಟ್ ಹಿಂದೆ ಬಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಐದು ನಿಮಿಷ ಉಳಿದಾಗ ಸರ್ ಇವಳನ್ನು ಮತ್ತೆ ಇಳಿಸಿದರು. ಇನ್ನೊಂದು ಫೌಲ್ ಆದರೆ ಮುಗಿಯಿತು. ಇಂಥ ಹೊತ್ತಲ್ಲಿ ಎಷ್ಟೋ ಆಟಗಾರ್ತಿಯರು ಹೆದರಿ ದೂರ ನಿಲ್ಲುತ್ತಾರೆ. ಇವಳು ಎರಡೂ ಕೈ ನೆಟ್ಟಗೆ ಮೇಲೆತ್ತಿ, ಬರೀ ಕಾಲಿನಲ್ಲೇ ಕಾದಳು. ಅವರ ಉದ್ದನೆಯ ಸೆಂಟರ್ ಹುಡುಗಿ ಚೆಂಡು ಎಸೆದಾಗಲೆಲ್ಲ ಇವಳು ಚೆಂಡಿಗೆ ಹಾರಲೇ ಇಲ್ಲ, ತಿರುಗಿ ತನ್ನ ಬೆನ್ನನ್ನು ಅವಳಿಗೆ ಆನಿಸಿ ರಿಂಗಿನ ಹತ್ತಿರ ಬಿಡದೆ ತಡೆದಳು. ಬಾಕ್ಸ್ ಔಟ್ ಅನ್ನುತ್ತಾರೆ ಇದಕ್ಕೆ. ಮೂರು ಸಲ ಹೀಗೆ ಮಾಡಿದಳು, ಮೂರು ಸಲವೂ ಚೆಂಡು ಇವಳ ತಂಡದ ಬೇರೆಯವರ ಕೈಗೆ ಬಿತ್ತು, ರಿಬೌಂಡ್ ಲೆಕ್ಕವೂ (ತಪ್ಪಿ ಬಂದ ಚೆಂಡು ಹಿಡಿದ ಲೆಕ್ಕ) ಅವರ ಹೆಸರಿಗೇ. ನನ್ನ ನೋಟ್‌ಬುಕ್‌ನಲ್ಲಿ ಆ ಮೂರನ್ನೂ ನಾನು ಇವಳ ಹೆಸರಿನ ಮುಂದೆ ಬರೆದೆ.

ಆಮೇಲೆ ಆ ಪಾಸ್. 43-44, ಅರ್ಧ ನಿಮಿಷ ಉಳಿದಿದೆ. ಇವಳ ತಂಡದ ನಾಲ್ಕನೇ ನಂಬರಿನ ಹುಡುಗಿ ಮೂಲೆಯಲ್ಲಿ ನಿಂತು ಹಿಂದಿನ ಎರಡು ಸುಲಭದ ಎಸೆತ ತಪ್ಪಿಸಿದ್ದಳು, ಬೆಳಗಾವಿಯವರು ಅವಳನ್ನು ಕಾಯುವುದನ್ನೇ ಬಿಟ್ಟಿದ್ದರು. 11 ಚೆಂಡು ಹಿಡಿದು ಒಳಗೆ ನುಗ್ಗಿದಳು, ಮೂವರು ಮುತ್ತಿದರು, ಮೆಟ್ಟಿಲ ಮೇಲಿದ್ದ ನಾವೆಲ್ಲ ಎದ್ದು ನಿಂತೆವು, ಈಗ ಎಸೆಯುತ್ತಾಳೆ ಅಂತ. ಅವಳು ಅದೇ ಮೂಲೆಗೆ, ಅದೇ ಹುಡುಗಿಗೆ ಪಾಸ್ ಕೊಟ್ಟಳು. ಚೆಂಡು ಗಾಳಿಯಲ್ಲಿ ಇರುವಾಗಲೇ ‘ಹೊಡಿ!’ ಅಂತ ಕೂಗಿದ್ದು ನಮಗೆಲ್ಲ ಕೇಳಿಸಿತು. ಚೆಂಡು ರಿಂಗಿನ ಮೇಲೆ ಎರಡು ಸಲ ಕುಣಿದು ಒಳಗೆ ಬಿತ್ತು. 45-44. ಕೊನೆಯ ಎಸೆತವನ್ನು ಎದುರಿನವರು ತಪ್ಪಿಸಿದರು. ನಾನು ಮಗಳ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದೆ ಅಂದರೆ ಅವಳು ಅಮ್ಮಾ ಬಿಡು ಅಂದಳು.

ನನ್ನ ಲೆಕ್ಕದಲ್ಲಿ ಅವಳದು 10 ಪಾಯಿಂಟ್, 12 ರಿಬೌಂಡ್, 8 ಪಾಸ್ ಬುಟ್ಟಿಯಾಗಿದ್ದು, 5 ಸಲ ಚೆಂಡು ಕಳೆದುಕೊಂಡದ್ದು. ವಿಡಿಯೋ ಮಾಡಿ ಕಳಿಸುವಂಥದ್ದು ಇದರಲ್ಲಿ ಬಹಳ ಏನೂ ಇಲ್ಲ.

ಕೊರತೆಗಳೂ ಇವೆ, ಬರೆಯದೆ ಇರಲಾರೆ. ಅಂಚಿನ ಗೆರೆಯ ಹತ್ತಿರ ಇಬ್ಬರು ಸೇರಿ ಮುತ್ತಿದರೆ ಡ್ರಿಬಲ್ ಬೇಗ ನಿಲ್ಲಿಸಿಬಿಡುತ್ತಾಳೆ. ಐದರಲ್ಲಿ ಮೂರು ಸಲ ಚೆಂಡು ಹೋಗಿದ್ದು ಹಾಗೇ. ಫ್ರೀ ಥ್ರೋ ಎಂಟಕ್ಕೆ ಮೂರು. ಎಸೆಯುವಾಗ ಬಲ ಮೊಣಕೈ ಹೊರಗೆ ಹೋಗುತ್ತದೆ, ಈ ವಯಸ್ಸಲ್ಲಿ ತಿದ್ದಬಹುದು, ಇನ್ನೆರಡು ವರ್ಷ ಬಿಟ್ಟರೆ ಕಷ್ಟ. ಇದಕ್ಕಿಂತ ನನಗೆ ಜಾಸ್ತಿ ಚಿಂತೆ ಆಗಿದ್ದು ಅವಳು ನೆಲಕ್ಕೆ ಇಳಿಯುವ ರೀತಿ. ರಿಬೌಂಡಿಗೆ ಹಾರಿ ಎಡಗಾಲೊಂದರ ಮೇಲೇ ಇಳಿಯುತ್ತಾಳೆ, ಮಂಡಿ ಒಳಗೆ ಬಾಗುತ್ತದೆ. ಮಂಡಿಯೊಳಗಿನ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ, ಬಹಳ ಸಲ ಆಗುವುದೇ ಹೀಗೆ ಇಳಿಯುವಾಗ. ನನ್ನ ಜೊತೆ ಆಡಿದವಳೊಬ್ಬಳ ಆಟ ಇಪ್ಪತ್ತನೇ ವರ್ಷಕ್ಕೆ ಹಾಗೇ ಮುಗಿಯಿತು. ಎರಡೂ ಕಾಲಿನ ಮೇಲೆ, ಮಂಡಿ ಬಾಗಿಸಿ, ಮೆತ್ತಗೆ ಇಳಿಯುವುದನ್ನು ಕಲಿಸಬೇಕು. ಕಲಿಸಿದರೆ ಬರುತ್ತದೆ. ಇವಳನ್ನು ಯಾರು ಕರೆದುಕೊಂಡು ಹೋದರೂ ಮೊದಲ ತಿಂಗಳು ಇದೊಂದನ್ನು ಮಾಡಲಿ.

ಮಧ್ಯಾಹ್ನ ಗೇಟಿನ ಹೊರಗೆ ಗಿರ್ಮಿಟ್ ತಿಂದೆವು. ಪ್ಲೇಟಿಗೆ 30 ರೂಪಾಯಿ, ಜೊತೆಗೆ ಬಿಸಿ ಮಿರ್ಚಿ. ಚೆನ್ನಾಗಿತ್ತು, ಈರುಳ್ಳಿ ಕೈ ಬಿಚ್ಚಿ ಹಾಕಿದ್ದರು. ಅಲ್ಲೇ ಆಟಗಾರ್ತಿಯರನ್ನು ಆರಿಸಲು ಬಂದಿದ್ದ ಒಬ್ಬರು ಸಿಕ್ಕರು. ಎಲ್ಲಿಯವರು ಅಂತ ಬರೆಯುವುದು ಬೇಡ. ಕೈಯಲ್ಲಿ ಟೇಪು, ಹಾಳೆ. ಗೋಡೆಗೆ ನಿಲ್ಲಿಸಿ ಎತ್ತರ, ಕೈಯಗಲ, ನಿಂತಲ್ಲಿಂದ ಹಾರುವ ಎತ್ತರ ಎಲ್ಲ ಅಳೆದಿದ್ದರು.

‘ಚೊಲೊ ಆಡ್ತಾಳ್ರೀ ಮೇಡಂ. ಆದ್ರ ಹೈಟ್ ಕಡಿಮಿ ಆತು’ ಅಂದರು.

‘ಎಷ್ಟು ಐತ್ರೀ ಸರ್?’

‘169. ನಮಗ 175 ಬೇಕ್ರೀ.’

ಅವರ ಕಷ್ಟವೂ ನನಗೆ ಗೊತ್ತು. ಸೀಟು ಕಡಿಮೆ, ಮೇಲಿನವರು ಕೇಳುವುದು ಅಳತೆ, ಎತ್ತರವನ್ನು ಕಲಿಸಲು ಆಗುವುದಿಲ್ಲ. ಆದರೂ ಸುಮ್ಮನಿರಲು ಆಗಲಿಲ್ಲ, ಹೇಳಿದೆ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ 52ನೆಯವರಾಗಿ ಆರಿಸಿದಾಗ ದೇಶವೆಲ್ಲ ಕುಣಿಯಿತು, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವರು, ಏಳು ಅಡಿ ದಾಟಿದ ಎತ್ತರ. ಅಷ್ಟು ಎತ್ತರ ಇದ್ದರೂ ಎನ್‌ಬಿಎಯಲ್ಲಿ ಒಂದು ಪಂದ್ಯ ಆಡಲು ಸಿಗಲಿಲ್ಲ. ಆದರೆ 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ಡಿವಿಷನ್‌ಗೆ ಹೋದರು. ಎರಡು ಪಾಯಿಂಟಿನ ಆಟ ಗೆಲ್ಲಲು ಕೊನೆಯ ನಿಮಿಷದಲ್ಲಿ ತಲೆ ಓಡುವವರು ಬೇಕು. ಇವಳಿಗೆ ರಿಂಗಿನ ಹತ್ತಿರ ಎತ್ತರದವರು ನಿಲ್ಲುವ ಸೆಂಟರ್ ಜಾಗ ಬೇಡ, ಹೊರಗಿನಿಂದ ಆಟ ನಡೆಸುವ ಗಾರ್ಡ್ ಮಾಡಿ, 169 ಬೇಕಾದಷ್ಟಾಯಿತು. ಅವರು ಹಾಳೆಯ ಮೇಲೆ ಏನೋ ಬರೆದುಕೊಂಡರು. ‘ನಾ ಮುಂಜಾನಿ ಇನ್ನೊಂದ್ ಸೆಮಿಫೈನಲ್ ಅಷ್ಟೇ ನೋಡಿದ್ನಿರೀ’ ಅಂದರು. ಅಂದರೆ ಇವಳ ಆಟ ನೋಡದೇ ಎತ್ತರ ಬರೆದುಕೊಂಡಿದ್ದರು. ಸಂಜೆ ಫೈನಲ್ ಪೂರ್ತಿ ಕೂತು ನೋಡಿ ಅಂತ ಕೇಳಿಕೊಂಡೆ. ಕೂತರು, ಅಷ್ಟರ ಮಟ್ಟಿಗೆ ಒಳ್ಳೆಯವರು.

ಈಗ ಆ ಕಳೆದ ಸ್ಟಾರ್.

ಹೆಣ್ಣುಮಕ್ಕಳ ಪಂದ್ಯಾವಳಿ, ಹೆಣ್ಣುಮಕ್ಕಳ ಸಂಡಾಸಕ್ಕೆ ಬೀಗ. ಕೀಲಿ ವಾಚ್‌ಮನ್ ಹತ್ತಿರ, ವಾಚ್‌ಮನ್ ಗೇಟಿನ ಹತ್ತಿರ, ಗೇಟು ಇನ್ನೊಂದು ತುದಿಯಲ್ಲಿ. ಎರಡು ಪಂದ್ಯದ ನಡುವೆ ಹದಿನೈದು ಹುಡುಗಿಯರು ಸಾಲಾಗಿ ನಿಂತು ಕಾಯುವುದನ್ನು ನಾನು ಕಣ್ಣಾರೆ ನೋಡಿದೆ. ನಾನೇ ಹೋಗಿ ಕೀಲಿ ಇಸಿದುಕೊಂಡು ಬಂದು ತೆಗೆದೆ, ಒಳಗೆ ನೀರಿಲ್ಲ. ಇದಕ್ಕೆ ಯಾವ ಸಮಜಾಯಿಷಿಯನ್ನೂ ನಾನು ಒಪ್ಪುವುದಿಲ್ಲ.

ಎರಡನೆಯದು, ಒಂದೇ ದಿನ ಎರಡು ಪಂದ್ಯ. ಹತ್ತಕ್ಕೆ ಒಂದು, ನಾಲ್ಕಕ್ಕೆ ಒಂದು, ಹದಿನೈದು ಹದಿನಾರು ವರ್ಷದ ಮಕ್ಕಳು, ಶನಿವಾರ ಬೇರೆ ಆಡಿದ್ದಾರೆ. ನಡುವೆ ಪುಲಾವ್ ಊಟ, ಮಲಗಲು ಜಾಗ ಇಲ್ಲ, ಶಾಮಿಯಾನದ ಕೆಳಗೆ ಬ್ಯಾಗಿನ ಮೇಲೆ ತಲೆ ಇಟ್ಟು ಬಿದ್ದಿದ್ದರು. ಉಳುಕಿದರೆ ಇಡಲು ಐಸ್ ಇರಲಿಲ್ಲ, ಎದುರಿನ ಕೂಲ್ ಡ್ರಿಂಕ್ಸ್ ಅಂಗಡಿಯವರು ಪುಣ್ಯಕ್ಕೆ ಕೊಟ್ಟರು. ಒಂದು ದಿನ ಹೆಚ್ಚು ಇಟ್ಟು ಟಿಕೆಟ್ ದರ 100 ಮಾಡಿದ್ದರೂ ನಾನು ಕೊಡುತ್ತಿದ್ದೆ. ದಕ್ಷಿಣದ ಬದಿಯ 24 ಸೆಕೆಂಡಿನ ಗಡಿಯಾರ ಕೆಟ್ಟಿತ್ತು, ಒಬ್ಬ ಹುಡುಗ ಕೊನೆಯ ಹತ್ತು ಸೆಕೆಂಡ್ ಬಾಯಲ್ಲಿ ಎಣಿಸುತ್ತಿದ್ದ. ಅದು ನಡೆಯುತ್ತದೆ, ಬಿಡಿ.

ಒಳ್ಳೆಯದನ್ನೂ ಹೇಳಬೇಕು. ಇಬ್ಬರು ರೆಫರಿಗಳು ತುಂಬಾ ಚೆನ್ನಾಗಿ ಮಾಡಿದರು. ಫೌಲ್ ಕೊಟ್ಟಾಗಲೆಲ್ಲ ಯಾವ ನಂಬರ್, ಏನು ತಪ್ಪು ಅಂತ ಬೆರಳಲ್ಲಿ ಸ್ಪಷ್ಟವಾಗಿ ತೋರಿಸಿ, ಅರ್ಥವಾಗದ ಮಗುವಿಗೆ ಎರಡು ಮಾತು ಹೇಳಿಯೇ ಮುಂದೆ ಹೋಗುತ್ತಿದ್ದರು. ಕಾರ್ಡು ಮಗುಚಿ ಸ್ಕೋರ್ ತೋರಿಸುತ್ತಿದ್ದ ಇಬ್ಬರು ಹುಡುಗರು ಇಡೀ ದಿನ ಒಂದು ತಪ್ಪೂ ಮಾಡಲಿಲ್ಲ.

ಫೈನಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 11 ಪಾಯಿಂಟಿನಿಂದ ಸೋತರು. ಎರಡನೇ ಕ್ವಾರ್ಟರ್‌ಗೇ ಇವಳ ಕಾಲು ಭಾರವಾಗಿದ್ದು ಕಾಣುತ್ತಿತ್ತು. ಆದರೂ ಚೆಂಡು ಬರುವ ಮೊದಲು ಆ ಎರಡು ನೋಟ ಕೊನೆಯ ನಿಮಿಷದವರೆಗೂ ಇತ್ತು. ಮಗಳೇ ನನ್ನ ಮೊಣಕೈ ತಟ್ಟಿ ತೋರಿಸಿದಳು, ‘ನೋಡಮ್ಮಾ, ಮತ್ತೆ ತಿರುಗಿದಳು’ ಅಂತ.

ಆಟ ಮುಗಿದ ಮೇಲೆ ಬೆಂಚಿನ ಹತ್ತಿರ ಅವಳ ತಾಯಿ ನಿಂತಿದ್ದರು. ಬೆಳಿಗ್ಗೆ ಊರಿಂದ ಬಸ್ಸಿಗೆ ಬಂದವರು, ಕೈಯಲ್ಲಿ ಬುತ್ತಿಯ ಚೀಲ. ನಾನು ಹೋಗಿ ಮಾತಾಡಿಸಿದೆ, ಆಡುತ್ತಿದ್ದೆ ಅಂತ ಹೇಳಿದೆ. ಅವರು ಮೊದಲು ಸುಮ್ಮನೆ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, ‘ಅಕ್ಕಾರ, ಆ ಹಾಸ್ಟೆಲ್‌ನ್ಯಾಗ ಊಟ ಹೆಂಗ್ ಇರ್ತೈತ್ರೀ? ಇಬ್ಬರು ಮೂವರು ಬಂದು ನಿಮ್ಮ ಮಗಳನ್ನ ಕಳಸ್ರಿ ಅಂತಾರ. ಎಲ್ಲಾರೂ ಮೆಡಲ್ ಮಾತಾಡ್ತಾರ. ಯಾರೂ ಊಟದ್ದು ಹೇಳಂಗಿಲ್ಲ.’

ನನಗೆ ಗೊತ್ತಿದ್ದಷ್ಟು ಹೇಳಿದೆ. ಊಟ ಕೇಳಿ, ವಾರ್ಡನ್ ಹೆಂಗಸರೇ ಅಂತ ಕೇಳಿ, ಮಂಡಿಗೆ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು ಅಂತ ಕೇಳಿ, ಆಟ ಬಿಟ್ಟರೆ ಓದಿನ ಸೀಟು ಉಳಿಯುತ್ತದೆಯೇ ಅಂತ ಬರೆಸಿಕೊಳ್ಳಿ. ರೈಲ್ವೆಯಲ್ಲಿ ಸ್ಪೋರ್ಟ್ಸ್ ಕೋಟಾ ಕೆಲಸ ಇದೆ, ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ, ಆದರೆ ಅದಕ್ಕೆ 18 ತುಂಬಬೇಕು, ಅಲ್ಲಿವರೆಗೆ ಅವಳ ಆಟ, ಓದು, ಮಂಡಿ ಮೂರೂ ಉಳಿಯುವ ಜಾಗ ಬೇಕು. ಅವರು ಗಮನ ಕೊಟ್ಟು ಕೇಳಿದರು. ಹುಡುಗಿ ಪಕ್ಕದಲ್ಲೇ ಕೂತು ಗೋಣಿಚೀಲದ ತುಂಡನ್ನು ಹಿಂಡಿ ಮಡಿಸಿ ಬ್ಯಾಗಿಗೆ ಹಾಕುತ್ತಿದ್ದಳು. ನನ್ನ ಟಿಕೆಟಿನ ಹಿಂದೆ ಫೋನ್ ನಂಬರ್ ಬರೆದು ತಾಯಿಗೆ ಕೊಟ್ಟೆ.

ಬುಧವಾರ ರಾತ್ರಿ ಫೋನ್ ಬಂತು. ಟೇಪು ಹಿಡಿದಿದ್ದ ಆ ಸರ್ ಕಡೆಯಿಂದ ಕರೆ ಬಂದಿದೆಯಂತೆ, ಸಂಕ್ರಾಂತಿಯೊಳಗೆ ಹೇಳಿ ಅಂದಿದ್ದಾರಂತೆ. ಈ ಶನಿವಾರ ತಾಯಿ, ಮಗಳು, ನಾನು ಮೂವರೂ ಆ ಹಾಸ್ಟೆಲ್‌ಗೆ ಹೋಗುತ್ತಿದ್ದೇವೆ. ಮಧ್ಯಾಹ್ನದ ಊಟ ಅಲ್ಲಿನ ಮೆಸ್‌ನಲ್ಲೇ, ಮಕ್ಕಳ ಜೊತೆ ಸಾಲಿನಲ್ಲಿ ನಿಂತು ಬಡಿಸಿಕೊಂಡು ಉಣ್ಣುವುದು ಅಂತ ಮಾತಾಗಿದೆ.